ಮಳೆಗಾಲದ ಮೂಷಕ

ಅಗೆಯುವುದರಿಂದ ಆಖು, ಕದಿಯುವುದರಿಂದ ಮೂಷಕ. ಇಲಿಯ ವೃತ್ತಿಯೆಲ್ಲವೂ ಅದರ ಹೆಸರುಗಳಲ್ಲಿಯೇ ಅಡಗಿದೆ. ಅತಿವೃಷ್ಟಿ, ಅನಾವೃಷ್ಟಿಗಳೊಡನೆ ಅದನ್ನೂ ಈತಿಬಾಧೆಗಳಲ್ಲಿ ಎಣಿಸಿದ ನಮ್ಮ ಪೂರ್ವಿಕರು ಬೇಸಾಯವನ್ನು ಬಲ್ಲವರೇ ಸರಿ.

ಮರುಭೂಮಿಯಲ್ಲಿ ಮಳೆಯಾದರೆ ಹುಲ್ಲುಬೀಜಗಳು ಸಮೃದ್ಧವಾಗಿ ಇಲಿಗಳ ಸಂತಾನವು ಹೆಚ್ಚುವುದು. ಕಾರವಾರ, ಅಂಕೋಲೆಗಳಲ್ಲಿ ಕ್ರಮವು ಬೇರೆ. ಇಲ್ಲಿ ವರ್ಷಕ್ಕೆ ಬೀಳುವ ಸುಮಾರು 3,000 ಮಿಲಿಮೀಟರು ಮಳೆಯಲ್ಲಿ ಬಹುಭಾಗವು ಜೂನಿನಿಂದ ಸಪ್ಟೆಂಬರದೊಳಗೇ ಸುರಿಯುವುದರಿಂದ ಗದ್ದೆಯ ಬಿಲಗಳಿಗೆ ನೀರು ನುಗ್ಗುವುದು. ಆಗ ಹೆಗ್ಗಣಗಳು ಎತ್ತರದ ಬದುಗಳನ್ನೂ ಇಲಿಗಳು ಕೊಟ್ಟಿಗೆ, ಹುಲ್ಲಿನ ಬಣವೆಗಳನ್ನೂ, ಕಡೆಗೆ ನಮ್ಮ ಅಡಿಗೆಮನೆಯನ್ನೂ ಆಶ್ರಯಿಸುವುವು. ಭತ್ತದ ತೆನೆ ಬಲಿಯುವಾಗ ಹೆಗ್ಗಣವು ಗದ್ದೆಗಿಳಿದು, ತೆನೆಗಳನ್ನು ಕಡಿದು ಬಿಲದಲ್ಲಿ ಕೂಡಿಡುವುದು. ಗರ್ಭಕಾಲವು ಮೂರು ವಾರಗಳಷ್ಟೇ ಆದುದರಿಂದ ಸುಗ್ಗಿಯ ಹೊತ್ತಿಗೆ ಒಂದು ಜೋಡಿಯು ಹಿಂಡಾಗುವುದು. (ಬೆಳೆಯ ಅಂದಾಜನ್ನು ಅದು ರೈತನಿಗಿಂತ ಮೊದಲೇ ಮಾಡಿರುವುದು!) ಬಿಲಗಳನ್ನು ಅಗೆದು ಮುಚ್ಚುವ ಕೆಲಸವನ್ನು ಗದ್ದೆ ಬರಿದಾಗಿ ಆಹಾರ ವಿರಳವಾದ ಬೇಸಿಗೆಯಲ್ಲಿಯೇ ಮಾಡತಕ್ಕದ್ದು.

ಭತ್ತದ ಹಾನಿಯನ್ನು ಹೇಗೋ ಸಹಿಸಬಹುದು. ಇಲಿಜ್ವರದ ಮಾತು ಹಾಗಲ್ಲ. 1915ರ ಸುಮಾರಿಗೆ ಜಪಾನಿನ ವೈದ್ಯರು ಕಂಡುಹಿಡಿದ ಇದರ ಸೂಕ್ಷ್ಮಜೀವಿಯು ಇಲಿಯ ಮೂತ್ರದೊಡನೆ ಹೊರಬಿದ್ದು, ನಿಂತ ನೀರಿನಲ್ಲಿಯೂ ಕೆಸರಿನಲ್ಲಿಯೂ ಉಳಿದು, ಕಾಲಿನ ಗಾಯ ಬಿರುಕುಗಳಿಂದ ದೇಹವನ್ನು ಸೇರುವುದು. ನಾಟಿಗೆ ಇಳಿದವರಿಗೆ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ಮೀನಖಂಡದಲ್ಲಿ ಬಲವಾದ ನೋವು, ಕಣ್ಣಿನ ಕೆಂಪು ಕಾಣಿಸಬಹುದು. ಕಷಾಯವನ್ನು ನಂಬಿ ದಿನಗಳೆಯುವ ಮನೆಗಳು ಇನ್ನೂ ಉಂಟು. ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಕೇಡು ತಟ್ಟೀತು. ಕೂಡಲೆ ಆಸ್ಪತ್ರೆಗೆ ಹೋಗಿ, ಕೆಸರಿನಲ್ಲಿ ನಿಂತಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕಾಲಿನಲ್ಲಿ ಗಾಯವಿದ್ದವರು ಅದು ಮಾಯುವ ತನಕ ಗದ್ದೆಗಿಳಿಯದಿರುವುದು ಲೇಸು.