ದಿವಾಳಿ ಆದೇಶದಲ್ಲಿರುವ ಗಡುವು: ನಮ್ಮ ಪಾಲಕರು ಅರಿಯಬೇಕಾದುದು

ನ್ಯಾಯಾಲಯವು ದಿವಾಳಿಯೆಂದು ಘೋಷಿಸಿದೊಡನೆ ಸಾಲದ ಕಾಟ ಮುಗಿಯಿತೆಂಬ ನಂಬಿಕೆ ಅಕ್ಕಲಕೋಟ, ಜತ್ತ ಭಾಗದ ನಮ್ಮ ಅನೇಕ ಕುಟುಂಬಗಳಲ್ಲಿದೆ. ಅದು ತಪ್ಪು ನಂಬಿಕೆ.

2016ರ ದಿವಾಳಿ ಸಂಹಿತೆಯ ವ್ಯಕ್ತಿಗಳ ಕುರಿತ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಯಾದುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಆಧಾರ. ಅದರ 27ನೇ ಕಲಮಿನಂತೆ, ಋಣಮುಕ್ತಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾದ ಅವಧಿಯನ್ನು ಘೋಷಣೆಯ ಆದೇಶದಲ್ಲೇ ನಿಗದಿಪಡಿಸಲಾಗುತ್ತದೆ. ಅವಧಿ ಮೀರಿದರೆ 43ನೇ ಕಲಮಿನಂತೆ ಘೋಷಣೆಯೇ ರದ್ದಾಗುತ್ತದೆ. ಆಮೇಲೆ ನ್ಯಾಯಾಲಯದ ಅನುಮತಿಯಿಲ್ಲದೆ ಮತ್ತೆ ದಿವಾಳಿ ಅರ್ಜಿ ಹಾಕುವಂತಿಲ್ಲ. ತಕ್ಕ ಕಾರಣವಿದ್ದರೆ ಅವಧಿಯನ್ನು ವಿಸ್ತರಿಸಬಹುದು; ಅದನ್ನು ನಾವೇ ಕೇಳಬೇಕು. ಕೆಳ ನ್ಯಾಯಾಲಯದ ಆದೇಶದ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ.

ಆದರೆ ಈ ಕಾಗದಗಳು ಬರುವುದು ಮರಾಠಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ. ದಿವಾಳಿಗೆ ಅಲ್ಲಿ ‘ನಾದಾರಿ’ ಎಂದಿರುತ್ತದೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರೂ ದಿನಗಳ ಎಣಿಕೆ ನಿಲ್ಲದು. ಸಂವಿಧಾನದ 350ನೇ ವಿಧಿಯು ಅಧಿಕಾರಿಗಳಿಗೆ ನಮ್ಮ ನುಡಿಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಉತ್ತರವನ್ನೂ ನಮ್ಮ ನುಡಿಯಲ್ಲೇ ಕೊಡಬೇಕೆಂದು ಹೇಳಿಲ್ಲ. ಆದುದರಿಂದ ಗಡುವುಳ್ಳ ಪ್ರತಿ ಆದೇಶದೊಡನೆ ಒಂದು ಪುಟದ ಕನ್ನಡ ಸಾರಾಂಶವಿರಬೇಕೆಂದು ನಾವು ಆಗ್ರಹಿಸುತ್ತೇವೆ.

ಅಲ್ಲಿಯವರೆಗೆ ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೆ: ಕಾಗದ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ತಡಮಾಡದೆ ವಕೀಲರಿಗೆ ಇಲ್ಲವೆ ತಾಲೂಕು ಕಾನೂನು ಸೇವಾ ಸಮಿತಿಗೆ ತೋರಿಸಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ.