ಅವನಿಗೆ ಕಲ್ಚರ್ ಶಾಕ್, ನಮಗೆ ಕಮ್ಯುನಿಕೇಷನ್ ಪ್ರಾಬ್ಲಮ್

ಹೋದ ವರ್ಷ ನಮ್ಮ ಟೀಮಿಗೆ ಟೆಕ್ಸಾಸ್‌ನಿಂದ ಒಬ್ಬ ಬಂದ. ಎರಡು ವರ್ಷ ಬೆಂಗಳೂರಲ್ಲೇ ಇದ್ದು ಇಲ್ಲಿನ ಟೀಮು ಬೆಳೆಸೋದು ಅವನ ಕೆಲಸ. ಮೊದಲ ವಾರವೇ ಲಿಫ್ಟಿನ ಹತ್ತಿರ ಸೆಕ್ಯುರಿಟಿಯವರು "ಊಟ ಆಯ್ತಾ ಸಾರ್?" ಅಂದಿದ್ದಾರೆ. ಪಕ್ಕದಲ್ಲಿದ್ದವರು ಅರ್ಥ ಹೇಳಿದ್ದಾರೆ. ಈ ಪುಣ್ಯಾತ್ಮ ಇಲ್ಲ ಅಂದು, ಅವರು ಊಟಕ್ಕೇ ಕರೆದಿದ್ದಾರೆ ಅಂದುಕೊಂಡು ಲಾಬಿಯ ಸೋಫಾದಲ್ಲಿ ಅರ್ಧ ಗಂಟೆ ಕೂತಿದ್ದ. ಇನ್ನೊಂದು ದಿನ ಆಟೋದವರನ್ನ ದಾರಿ ಸರಿಯಿದೆಯಾ ಅಂತ ಕೇಳಿದ. ಅವರು ಹೂಂ ಅಂತ ತಲೆ ಅಲ್ಲಾಡಿಸಿದ್ದು ಇವನ ಕಣ್ಣಿಗೆ ಇಲ್ಲ ಅಂದ ಹಾಗೆ ಕಂಡು ನಡುರಸ್ತೆಯಲ್ಲೇ ಇಳಿದುಬಿಟ್ಟ. ಸಂಜೆ ಕೊಲೀಗ್ ಒಬ್ಬರು "ಐ ವಿಲ್ ಗೋ ಅಂಡ್ ಕಮ್" ಅಂತ ಹೇಳಿ ಮನೆಗೆ ಹೋದರೆ, ಬರ್ತೀನಿ ಅಂದಿದ್ದಾರಲ್ಲ ಅಂತ ಏಳೂವರೆ ತನಕ ಕಾದ.

ಇದನ್ನೆಲ್ಲ ಸೇರಿಸಿ 'ನನ್ನ ಮೊದಲ ನೂರು ದಿನ' ಅಂತ ಸ್ಲೈಡ್ ಮಾಡಿ ಒಂದು ಗುರುವಾರ ಟೌನ್‌ಹಾಲ್ ಮೀಟಿಂಗಿನಲ್ಲಿ ತೋರಿಸಿದ. ಟಾಯ್ಲೆಟ್ಟಿನ ಜೆಟ್ ಸ್ಪ್ರೇ ಜೊತೆ ಅವನ ಮೊದಲ ಭೇಟಿಯ ಕತೆಗೆ ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ "ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದ ನೋಡಿ, ಹಾಲ್ ಪೂರ್ತಿ ಎದ್ದು ನಿಂತು ಚಪ್ಪಾಳೆ. ನಾನೂ ತಟ್ಟಿದೆ.

ನನಗೆ ಅವನ ಮೇಲೆ ತಕರಾರಿಲ್ಲ. ಒಳ್ಳೆಯ ಮನುಷ್ಯ, ತನ್ನನ್ನೇ ತಾನು ನಗೆಗೆ ಒಡ್ಡಿಕೊಳ್ಳೋ ದೊಡ್ಡತನ ಇದೆ. ತಕರಾರು ಇರೋದು ಆ ಚಪ್ಪಾಳೆ ಮೇಲೆ. ಯಾಕಂದ್ರೆ ಅವನ ಸ್ಲೈಡಿನಲ್ಲಿದ್ದ ಎಲ್ಲ ಫಜೀತಿಯೂ ನನಗೂ ಆಗಿತ್ತು. 2012ರಲ್ಲಿ, ಇದೇ ಊರಲ್ಲಿ, ಉಲ್ಟಾ ಕಡೆಯಿಂದ.

ನಾನು ಆಳಂದ ತಾಲ್ಲೂಕಿನ ಜಿಡಗಾದವನು. ಮಠ ಇರೋದರಿಂದ ಕಲಬುರಗಿ ಕಡೆಯವರಿಗೆ ಊರ ಹೆಸರು ಗೊತ್ತು. ಬೆಂಗಳೂರಲ್ಲಿ ಹೇಳಿದರೆ "ಜಿಗಣಿನಾ?" ಅಂತಾರೆ. ಬಿಇ ಮುಗಿಸಿ ಬಂದಾಗ ಕಮೋಡಿನ ಮೇಲೆ ಹೇಗೆ ಕೂರಬೇಕು ಅಂತ ಗೊತ್ತಿರಲಿಲ್ಲ. ಹೇಗೆ ಕೂತೆ ಅನ್ನೋದನ್ನ ಇವತ್ತಿಗೂ ಯಾವ ಸ್ಲೈಡಿನಲ್ಲೂ ಹಾಕಿಲ್ಲ. ಕ್ಯಾಂಟೀನಿನಲ್ಲಿ ಫೋರ್ಕು ಚಾಕು ಹಿಡಿಯಲು ಹೋಗಿ ಪನೀರಿನ ತುಂಡು ಎದುರಿನವರ ಲ್ಯಾಪ್‌ಟಾಪಿಗೆ ಹಾರಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. 'ಮ್ಯಾನರ್ಸ್ ಇಲ್ಲ' ಅನ್ನೋ ಒಂದು ನೋಟ ಬಂತು, ಅಷ್ಟೆ.

ಟ್ರೈನಿಂಗಿನಲ್ಲಿ ನನಗೆ ಎಂಟಿಐ ಇದೆ ಅಂದರು. ಮದರ್ ಟಂಗ್ ಇನ್‌ಫ್ಲುಯೆನ್ಸ್. ಹೆಸರು ಕೇಳಿದರೆ ರಕ್ತ ಪರೀಕ್ಷೆಯಲ್ಲಿ ಸಿಕ್ಕ ಕಾಯಿಲೆ ಅನಿಸಬೇಕು. 'ಝೀರೋ' ಅನ್ನೋ ಕಡೆ 'ಜೀರೋ' ಅಂತಿದ್ದೆ, ಅದಕ್ಕೆ ಆರು ವಾರದ ಕ್ಲಾಸು. ನಮ್ಮ ಟೆಕ್ಸಾಸಿನವನು ಕಲಬುರಗಿ ಅನ್ನೋ ಪದದ ಮೇಲೆ ಎಂಟು ತಿಂಗಳಿಂದ ಟ್ರಕ್ಕು ಹತ್ತಿಸ್ತಿದ್ದಾನೆ. ಅವನಿಗೂ ಒಬ್ಬಳು ತಾಯಿ, ಒಂದು ನಾಲಗೆ, ಒಂದು ಪ್ರಭಾವ ಇದೆಯಲ್ಲ? ಅದಕ್ಕೆ ಮಾತ್ರ 'ಆಕ್ಸೆಂಟ್' ಅನ್ನೋ ಚೆಂದದ ಹೆಸರು.

ಇಂಗ್ಲಿಷಿನ ಮಾತು ಬಿಡಿ. ಮೊದಲ ಬಾಡಿಗೆ ಮನೆಯಲ್ಲಿ ಓನರ್ ಆಂಟಿ ಹತ್ತಿರ "ನೀರು ಬರ್ಲತ್ತಿಲ್ರಿ" ಅಂದಿದ್ದೆ. ಅವರು ಖುಷಿಯಾಗಿ, ಖರೇನೇ ಖುಷಿಯಾಗಿ, "ಅಯ್ಯೋ, ಕನ್ನಡ ಎಷ್ಟು ಬೇಗ ಕಲ್ತಿದ್ದೀರ!" ಅಂದರು. ನಾನು ಮರಾಠಿಯವನು ಅಂತ ಅವರ ಲೆಕ್ಕ. ಕನ್ನಡದಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ. ಅದು ಹುಟ್ಟಿದ್ದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಇವತ್ತಿನ ಮಳಖೇಡ, ಸೇಡಂ ತಾಲ್ಲೂಕು, ನಮ್ಮದೇ ಕಲಬುರಗಿ ಜಿಲ್ಲೆ. ಇದನ್ನ ಆಂಟಿಗೆ ಹೇಳಬೇಕಿತ್ತು. ಹೇಳಲಿಲ್ಲ. "ಥ್ಯಾಂಕ್ಸ್ ಆಂಟಿ" ಅಂದೆ. ಆಮೇಲೆ ಆರು ತಿಂಗಳಲ್ಲಿ 'ಬರ್ಲತ್ತಿಲ್ಲ' ಹೋಗಿ 'ಬರ್ತಾ ಇಲ್ಲ' ಬಂತು, ಚಾ ಹೋಗಿ ಟೀ ಬಂತು. ಇವತ್ತಿಗೂ ಆಫೀಸಿನಲ್ಲಿ ಅವ್ವನ ಫೋನು ಬಂದರೆ ಫೈರ್ ಎಕ್ಸಿಟ್ ಮೆಟ್ಟಿಲಿಗೆ ಹೋಗಿ ಮಾತಾಡ್ತೀನಿ.

ಅಮೆರಿಕದವರು ನಮ್ಮ ಕಡೆ ಬಂದು ಕಕ್ಕಾಬಿಕ್ಕಿ ಆಗೋದು, ಅದು ತಮಾಷೆಯ ಬರಹ ಆಗೋದು ಹೊಸದೇನಲ್ಲ. ಮಾರ್ಕ್ ಟ್ವೈನ್ 1896ರಲ್ಲಿ ಮುಂಬೈಗೆ ಬಂದಿಳಿದ. ಮುಂದಿನ ವರ್ಷ ಬಂದ ಅವನ ಪ್ರವಾಸದ ಪುಸ್ತಕದಲ್ಲಿ ನಗು ಬೇಕಾದಷ್ಟಿದೆ. ಅದರಲ್ಲಿ ಒಂದು ಕಡೆ, ಇಲ್ಲಿ ಸಿಕ್ಕ ಆಳಿನ ಹೆಸರು ಬಾಯಲ್ಲಿ ತಿರುಗೋದಿಲ್ಲ ಅಂತ ಅವನಿಗೆ 'ಸೈತಾನ' ಅಂತ ಹೊಸ ಹೆಸರಿಡ್ತಾನೆ. ಓದುವಾಗ ನಗು ಬರುತ್ತೆ. ಆಮೇಲೆ ಆ ಆಳು ರಾತ್ರಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿರಬಹುದು ಅನಿಸುತ್ತೆ. 2006ರಲ್ಲಿ 'ಔಟ್‌ಸೋರ್ಸ್‌ಡ್' ಅನ್ನೋ ಸಿನಿಮಾ ಬಂತು, ಇಂಡಿಯಾದ ಕಾಲ್ ಸೆಂಟರಿನವರಿಗೆ ಕೆಲಸ ಕಲಿಸಲು ಬರೋ ಅಮೆರಿಕದವನ ಕತೆ. ಅದನ್ನೇ 2010ರಲ್ಲಿ ಟಿವಿ ಸೀರಿಯಲ್ಲೂ ಮಾಡಿದರು. ನಮ್ಮವರೂ ಈ ಆಟ ಆಡಿದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬರೆದ 'ಅಮೇರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಸನ ಜಿಲ್ಲೆಯ ಹಳ್ಳಿಯವರು ಅಮೆರಿಕದಲ್ಲಿ ಪರದಾಡಿದ್ದು ಸಾಹಿತ್ಯ. ಅಮೆರಿಕದವನು ಇಂಡಿಯಾದಲ್ಲಿ ಪರದಾಡಿದ್ದು ಸಿನಿಮಾ. ಜಿಡಗಾದವನು ಬೆಂಗಳೂರಲ್ಲಿ ಪರದಾಡಿದರೆ ಎಚ್‌ಆರ್ ಫಾರ್ಮಿನಲ್ಲಿ ಒಂದು ಕಾಲಮ್ಮು.

ಆ ಕಾಲಮ್ಮಿನ ವಿಷಯ ಹೇಳಬೇಕು, ಅದಕ್ಕೇ ಇದನ್ನ ಬರೀಲಿಕ್ಕೆ ಕೂತದ್ದು.

ಆ ಟೌನ್‌ಹಾಲ್ ಮೀಟಿಂಗಿನ ದಿನವೇ ಮಧ್ಯಾಹ್ನ ನಾನು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿದ್ದೆ. ಬಂದ ಹುಡುಗ ಆಳಂದ ಕಡೆಯವನು, ರೆಸ್ಯೂಮೆಯಲ್ಲಿ ನೋಡಿದೆ. ಕೋಡು ಚೆನ್ನಾಗಿ ಬರೆದ. ನಾವು ಕೊಟ್ಟ ಪ್ರಶ್ನೆಯಲ್ಲೇ ಇದ್ದ ಒಂದು ತಪ್ಪನ್ನೂ ಹಿಡಿದ. ಆದರೆ ಪ್ರತಿ ಇಂಗ್ಲಿಷ್ ವಾಕ್ಯಕ್ಕೂ ಮುಂಚೆ ಬಾವಿಗೆ ಕೊಡ ಇಳಿಸಿದ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದ. ನಡುವೆ ಒಮ್ಮೆ "ಒನ್ ಮಿನಿಟ್ ರಿ" ಅಂದುಬಿಟ್ಟ. ನನ್ನ ಪಕ್ಕದವರು ನಗು ತಡೆದುಕೊಂಡರು. ಫಾರ್ಮಿನಲ್ಲಿ ಟೆಕ್ನಿಕಲ್ 5ಕ್ಕೆ 4, ಕಮ್ಯುನಿಕೇಷನ್ 5ಕ್ಕೆ 2, ಕಲ್ಚರ್ ಫಿಟ್ ಎದುರಿಗೆ 'ಡೌಟ್‌ಫುಲ್'. ಕೆಳಗೆ ಮೂರು ಸಹಿ. ಮೂರನೆಯದು ನನ್ನದು.

"ಒನ್ ಮಿನಿಟ್ ರಿ" ಅಂದರೆ ನಮ್ಮ ಕಡೆ ಗೌರವ. ಅದು ನನಗೆ ಗೊತ್ತಿತ್ತು. ಹೇಳಿದ್ದರೆ ನಾನೂ ಅದೇ ಕಡೆಯವನು ಅಂತ ಪ್ಯಾನೆಲ್ಲಿಗೆ ನೆನಪಾಗುತ್ತಿತ್ತು.

ನೀವು ಕೇಳಬಹುದು, ಕ್ಲೈಂಟ್ ಜೊತೆ ಮಾತಾಡಬೇಕಲ್ಲ, ಕಮ್ಯುನಿಕೇಷನ್ ಬೇಡವಾ ಅಂತ. ಬೇಕು. ಹಾಗಾದ್ರೆ ಅಳತೆಕೋಲು ಒಂದೇ ಇರಲಿ. ಎಂಟು ತಿಂಗಳಾದರೂ ಆಟೋದವರಿಗೆ ಮನೆ ದಾರಿ ಹೇಳೋಕೆ ಬರದವನಿಗೆ ಆ ಕಾಲಮ್ಮಿನಲ್ಲಿ ಎಷ್ಟು ಮಾರ್ಕ್ಸು ಕೊಡ್ತೀರಿ? ಅವನಿಗೆ ಕಂಪನಿ ಮನೆ ಹುಡುಕಿ ಕೊಟ್ಟಿತು, ಡ್ರೈವರ್ ಇಟ್ಟಿತು, ಎರಡು ದಿನ 'ಕಲ್ಚರ್ ಓರಿಯೆಂಟೇಷನ್' ಮಾಡಿಸಿತು. ಆ ಹುಡುಗ ಕಲಬುರಗಿಯಿಂದ ಅರವತ್ತು ಚಿಲ್ಲರೆ ಹರದಾರಿ ದೂರ ಅಲ್ಲ, ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ ರಾತ್ರಿಯೆಲ್ಲ ರೈಲಿನಲ್ಲಿ ಬಂದು, ಸ್ಟೇಷನ್ನಿನಲ್ಲೇ ಮುಖ ತೊಳೆದು ಬಂದಿದ್ದ. ಇನ್ನು ಕೆಲವರು "ನಿಮ್ಮ ಕಡೆಯವರಿಗೆ 371ಜೆ ಇದೆಯಲ್ಲ" ಅಂತಾರೆ. ಸ್ವಾಮಿ, ಅದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ನಿಮ್ಮ ಗಾಜಿನ ಬಿಲ್ಡಿಂಗಿನ ಒಳಗೆ ಅದು ಬರೋದಿಲ್ಲ.

ಡಿಸೆಂಬರಿನಲ್ಲಿ ಎಳ್ಳಮಾಸಿಗೆ ಊರಿಗೆ ಹೊರಟಾಗ ಅವನೂ ಬರ್ತೀನಿ ಅಂದ. ಕರ್ಕೊಂಡು ಹೋದೆ. ಮೊದಲ ರಾತ್ರಿಯೇ ನಮ್ಮಣ್ಣನ ಮಗ ಅವನಿಗೆ 'ಚರಗಿ' ಅನ್ನೋ ಪದ ಕಲಿಸಿದ, ಬೆಳಿಗ್ಗೆ ಅದನ್ನ ಹಿಡಿದು ಯಾವ ಕಡೆ ಹೋಗಬೇಕು ಅಂತಲೂ. ಮರುದಿನ ನಾನು "ಇವತ್ತು ಮನೆಯವರೆಲ್ಲ ಹೊಲಕ್ಕೆ ಚರಗ ಚೆಲ್ಲೋಕೆ ಹೋಗ್ತೀವಿ" ಅಂದೆ. ಅವನ ಮುಖ ಬಿಳಚಿಕೊಂಡಿತು. "ಎಲ್ಲರೂ? ಒಟ್ಟಿಗೆ?" ಅಂದ. ಭೂಮಿತಾಯಿಗೆ ಎಡೆ ಚೆಲ್ಲೋದು ಅಂತ ಬಿಡಿಸಿ ಹೇಳೋಕೆ ಹತ್ತು ನಿಮಿಷ ಬೇಕಾಯ್ತು. ಅವ್ವನಿಗೆ ಇದನ್ನ ಹೇಳಿದರೆ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು, ಅವನ ಎದುರಿಗೇ.

ಹೊಲದಲ್ಲಿ ಊಟಕ್ಕೆ ಕೂತಾಗ ನಾನು ಬ್ಯಾಗಿನಿಂದ ಅವನಿಗೆ ಅಂತ ತಂದಿದ್ದ ಸ್ಪೂನು ತೆಗೆದೆ. ಅವ್ವ ನೋಡಿದಳು. "ಚಮಚಾ ಯಾಕ ತಂದಿ? ಅವನಿಗಿ ಕೈ ಇಲ್ಲೇನು?" ಅಂದಳು. ಚಮಚಾ ಅನ್ನೋದಕ್ಕೆ ನಮ್ಮ ಕಡೆ ಎರಡು ಅರ್ಥ. ಅವಳು ಯಾವ ಅರ್ಥದಲ್ಲಿ ಅಂದಳೋ ಗೊತ್ತಿಲ್ಲ, ನನಗೆ ಎರಡನೆಯದೇ ತಾಗಿತು. ಅವನು ಎರಡೂ ಕೈಯಿಂದ ಸಜ್ಜಿರೊಟ್ಟಿ ಮುರಿಯಲು ಹೋದ. "ಇಷ್ಟ ದೊಡ್ಡಾಂವ ಆಗೀದಿ ತಮ್ಮಾ, ರೊಟ್ಟಿ ಮುರೀಲಾಕ ಬರಲ್ಲೇನು?" ಅಂತ ಎಡಗೈ ಮೇಲೆ ಮೆಲ್ಲಗೆ ಹೊಡೆದು, ಬಲಗೈಯಲ್ಲೇ ಮುರಿದು ಭಜ್ಜಿಗೆ ಅದ್ದೋದು ತೋರಿಸಿದಳು. ಪಗಾರ ಎಷ್ಟು ಅಂತ ಕೇಳಿದಳು. ನಿಮ್ಮವ್ವನ್ನ ಯಾರು ನೋಡ್ಕೋತಾರ ಅಂತ ಕೇಳಿದಳು. ಅದಕ್ಕವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೆಂಗಳೂರಿನ ಇಷ್ಟು ತಿಂಗಳಲ್ಲಿ ಅವನಿಗೆ ನೀನು ಮಾಡಿದ್ದು ತಪ್ಪು ಅಂದವಳು ಇವಳೊಬ್ಬಳೇ.

ವಾಪಸ್ ಬರುವಾಗ ರೈಲಿನಲ್ಲಿ ಅವನು ಒಂದು ಮಾತು ಹೇಳಿದ. "ಊರಲ್ಲಿ ನಿನ್ನ ದನಿ ದೊಡ್ಡದಿತ್ತು. ಆಫೀಸಿನಲ್ಲಿ ಇಷ್ಟು ಜೋರಾಗಿ ಮಾತಾಡೋದು ನಾನು ಕೇಳೇ ಇಲ್ಲ." ಒಂದಕ್ಷರ ಕನ್ನಡ ಅರ್ಥ ಆಗದವನಿಗೆ ಇದು ಕೇಳಿಸಿತ್ತು.

ಸೋಮವಾರ ಎಚ್‌ಆರ್‌ಗೆ ಮೇಲ್ ಹಾಕಿದೆ. ಆ ಹುಡುಗನ ಫಾರ್ಮು ಮತ್ತೆ ತೆಗೀರಿ, ನನ್ನ ಸಹಿ ವಾಪಸ್ ತಗೋತೀನಿ, ಫ್ರೆಷರ್ಸ್ ಫಾರ್ಮಿನಿಂದ 'ಕಲ್ಚರ್ ಫಿಟ್' ಕಾಲಮ್ಮು ಕಿತ್ತುಹಾಕಿ, ಇಲ್ಲಾಂದ್ರೆ ಹೊರದೇಶದಿಂದ ಬರೋ ಪ್ರತಿಯೊಬ್ಬರಿಗೂ ಅದನ್ನ ತುಂಬಿಸಿ ಅಂತ ಬರೆದೆ. ಪ್ಯಾನೆಲ್ಲಿನ ಇನ್ನಿಬ್ಬರನ್ನೂ, ಟೆಕ್ಸಾಸಿನವನನ್ನೂ ಸಿಸಿಯಲ್ಲಿ ಹಾಕಿದೆ. 'ನೋಟೆಡ್' ಅಂತ ಉತ್ತರ ಬಂತು. ಪೊಸಿಷನ್ ಆಗಲೇ ಕ್ಲೋಸ್ ಆಗಿದೆಯಂತೆ. ಟೆಕ್ಸಾಸಿನವನು ನನ್ನ ಡೆಸ್ಕಿಗೆ ಬಂದು "ಆ ಹುಡುಗ ಈಗ ಎಲ್ಲಿದ್ದಾನೆ?" ಅಂತ ಕೇಳಿದ.

ನಂಬರು ರೆಸ್ಯೂಮೆಯಲ್ಲಿದೆ. ಫೋನ್ ಮಾಡಬೇಕು. ಯಾವ ಕನ್ನಡದಲ್ಲಿ ಶುರು ಮಾಡಲಿ ಅಂತ ಮೂರು ದಿನದಿಂದ ಯೋಚಿಸ್ತಾ ಇದ್ದೀನಿ.