ಬಳ್ಳಿಗೆ ಕಾಯಿ ಭಾರವೇ?

ಗಜೇಂದ್ರಗಡ–ರೋಣ ಭಾಗದ ಮುಶಿಗೇರಿಯಂಥ ಒಂದು ಊರಿನಲ್ಲಿ ಬೆಳಗಿನ ಹೊತ್ತನ್ನು ಕಣ್ಣ ಮುಂದೆ ತಂದುಕೊಳ್ಳಿ. ಶಾಲೆಯ ಗಂಟೆ ಬಾರಿಸಿದೆ. ಮಕ್ಕಳು ಪಾಟಿಚೀಲ ಹೆಗಲಿಗೇರಿಸಿ ಓಡುತ್ತಿದ್ದಾರೆ. ಅವರ ಹಿಂದೆ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಎತ್ತಿಕೊಂಡು ಬರುತ್ತಿದ್ದಾಳೆ. ಹುಡುಗಿಯ ಎರಡೂ ಕಾಲು ಬಿಗಿದುಕೊಂಡಿವೆ. ಬುದ್ಧಿ ಮಾತ್ರ ಚುರುಕು. ಓಡುವ ಗೆಳತಿಯರನ್ನು ನೋಡುತ್ತ ಆಕೆ ಕೇಳುತ್ತಾಳೆ: “ಯವ್ವಾ, ನಾ ಯಾವಾಗ ಓಡತೇನಿ?” ತಾಯಿ ತಟ್ಟನೆ ಹೇಳುತ್ತಾಳೆ: “ದೊಡ್ಡಾಕಿ ಆದಮ್ಯಾಲ ಓಡತೀಯಂತ, ಸುಮ್ಮನಿರು.”

ಅದು ಪ್ರೀತಿಯಿಂದ ಬಂದ ಉತ್ತರ, ಆದರೆ ನಿಜವಲ್ಲ. ನಿಜವಲ್ಲವೆಂಬ ಅನುಮಾನ ಹುಡುಗಿಗೂ ಇದೆ. ಇಬ್ಬರೂ ತಮ್ಮ ತಮ್ಮ ನೋವನ್ನು ಒಬ್ಬರಿಂದೊಬ್ಬರು ಮುಚ್ಚಿಡುತ್ತಿದ್ದಾರೆ. ಅಂಗವಿಕಲ ಮಗುವಿನ ಕಾಲಿಗೆ ಯಾವ ಔಷಧ, ಯಾವ ಆಸ್ಪತ್ರೆ ಎಂದು ವಿಚಾರಿಸುವವರು ಬಹಳ ಜನ. ಆ ಮಗುವಿನ ಮನಸ್ಸು ಹೇಗಿದೆ, ಹೆತ್ತವಳ ಮನಸ್ಸು ಹೇಗಿದೆ ಎಂದು ಕೇಳುವವರು ಕಡಿಮೆ.

ಮೊದಲು ತಾಯಿಯ ಮಾತು. ಮಗುವಿಗೆ ಇಂಥ ತೊಂದರೆ ಇದೆಯೆಂದು ತಿಳಿದಾಗ ಆಘಾತವಾಗುತ್ತದೆ. ಆಮೇಲೆ ‘ಇರಲಾರದು, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ’ ಎಂಬ ನಿರಾಕರಣೆ, ಸಿಟ್ಟು, ದುಃಖ. ಇವೆಲ್ಲ ಸಹಜ. ಇವನ್ನು ದಾಟಿಯೇ ಒಪ್ಪಿಕೊಳ್ಳುವ ಹಂತ ಬರುತ್ತದೆ. ಆದರೆ ದಾರಿಯಲ್ಲಿ ಒಂದು ಮುಳ್ಳಿದೆ. ಅದೇ ತಪ್ಪಿತಸ್ಥ ಭಾವ. “ಬಸುರಿದ್ದಾಗ ಗ್ರಹಣದಾಗ ಏನರ ಹೆಚ್ಚಿದ್ದೇನವಾ?” ಎಂದು ನೀರಿಗೆ ಬಂದವರು ಕೇಳಿದ ಒಂದು ಮಾತು ವರ್ಷಗಟ್ಟಲೆ ಅವಳನ್ನು ಚುಚ್ಚುತ್ತದೆ.

ಇಲ್ಲಿ ವಿಜ್ಞಾನ ಸ್ಪಷ್ಟವಾಗಿ ಮಾತಾಡಬೇಕು. ಗ್ರಹಣವೆಂದರೆ ಚಂದ್ರ ಅಥವಾ ಭೂಮಿಯ ನೆರಳು. ನೆರಳಿಗೆ ಗರ್ಭದೊಳಗಿನ ಶಿಶುವಿನ ಕಾಲು ತಿರುಚುವ ಶಕ್ತಿಯಿಲ್ಲ. ಈ ಹುಡುಗಿಗಿರುವ ತೊಂದರೆಯನ್ನು ವೈದ್ಯರು ‘ಸೆರೆಬ್ರಲ್ ಪಾಲ್ಸಿ’ ಎನ್ನುತ್ತಾರೆ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಬೆಳೆಯುತ್ತಿರುವ ಮೆದುಳಿಗೆ ಆಗುವ ಹಾನಿ ಇದರ ಮೂಲ. ದಿನ ತುಂಬದ ಹೆರಿಗೆ, ಆಮ್ಲಜನಕದ ಕೊರತೆ, ಚಿಕಿತ್ಸೆ ಸಿಗದ ತೀವ್ರ ಕಾಮಾಲೆ, ಸೋಂಕು—ಇವು ಕೆಲವು ಕಾರಣಗಳು. ಎಷ್ಟೋ ಸಲ ಖಚಿತ ಕಾರಣ ಸಿಗುವುದೂ ಇಲ್ಲ. ಪೋಲಿಯೋ ಒಂದು ವೈರಾಣುವಿನಿಂದ ಬರುತ್ತದೆ; ಲಸಿಕೆಯ ಬಲದಿಂದ ಭಾರತ 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತವೆಂದು ಘೋಷಿತವಾಯಿತು. ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ಕಾಣುವ ಕೆಲವು ಆನುವಂಶಿಕ ರೋಗಗಳಿವೆ. ಅಲ್ಲಿಯೂ ದೋಷವಿರುವ ಜೀನು ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತದೆ. ತಾಯಿಯೊಬ್ಬಳ ಮೇಲೆ ತಪ್ಪು ಹೊರಿಸಲು ಯಾವ ಆಧಾರವೂ ಇಲ್ಲ.

ಮಗುವಿನ ಅಂಗವೈಕಲ್ಯ ಹೆಚ್ಚಿದಷ್ಟೂ ತಾಯಿಯ ಮನಸ್ಸು ಹೆಚ್ಚು ಕುಸಿಯುತ್ತದೆಯೆ? ಹಾಗೆಂದೇ ಎಲ್ಲರೂ ತಿಳಿಯುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ವ್ಯಾಲಂಡರ್, ವಾರ್ನಿ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡದ್ದು ಬೇರೆ. ಮಗುವಿನ ದೈಹಿಕ ತೊಂದರೆ ಎಷ್ಟು ತೀವ್ರ ಎಂಬುದಕ್ಕಿಂತ, ದಿನನಿತ್ಯದ ಒತ್ತಡ ಎಷ್ಟು, ಮನೆಯವರ ಮತ್ತು ನೆರೆಹೊರೆಯವರ ಆಸರೆ ಎಷ್ಟು ಎಂಬುದೇ ತಾಯಿಯ ಮನಃಸ್ಥಿತಿಗೆ ಹೆಚ್ಚು ಹತ್ತಿರವಾಗಿತ್ತು.

‘ಬಳ್ಳಿಗೆ ಕಾಯಿ ಭಾರವೇ?’ ಎಂದು ನಮ್ಮಲ್ಲಿ ಗಾದೆಯಿದೆ. ಭಾರವಲ್ಲ, ನಿಜ. ಆದರೆ ಬಳ್ಳಿಗೆ ಒಂದು ಚಪ್ಪರ ಬೇಕು. ಸುಗ್ಗಿಯಲ್ಲಿ ಊರಿಗೆ ಊರೇ ಕಡಲೆ ಕೀಳಲು ಹೋದಾಗ ಈ ತಾಯಿ ಕೂಲಿ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಮದುವೆ, ಜಾತ್ರೆಗೆ ಹೋಗುವುದು ನಿಲ್ಲುತ್ತದೆ. ಆಸ್ಪತ್ರೆಗೆ ಒಬ್ಬಳೇ ಅಲೆಯುತ್ತಾಳೆ. ವಾರಕ್ಕೊಂದು ದಿನ ತಂದೆ ಮಗಳಿಗೆ ವ್ಯಾಯಾಮ ಮಾಡಿಸಿದರೆ, ಅತ್ತೆಯೋ ನಾದಿನಿಯೋ ಅರ್ಧ ದಿನ ನೋಡಿಕೊಂಡರೆ, ಅದೇ ಚಪ್ಪರ. ‘ಪಾಪ’ ಎನ್ನುವ ಮಾತಿಗಿಂತ ಇದು ದೊಡ್ಡದು.

ಇನ್ನು ಮಗುವಿನ ಮಾತು. ಮೂರು ವರ್ಷದ ಮಗು ತನ್ನನ್ನು ಇತರರೊಂದಿಗೆ ಅಷ್ಟಾಗಿ ಹೋಲಿಸಿಕೊಳ್ಳುವುದಿಲ್ಲ. ಶಾಲೆಗೆ ಬಂದ ಮೇಲೆ ಹೋಲಿಕೆ ಬಲವಾಗುತ್ತದೆ. ಹದಿಹರೆಯದಲ್ಲಿ ‘ನಾನು ಹೇಗೆ ಕಾಣುತ್ತೇನೆ, ನನ್ನ ಮುಂದಿನ ಗತಿಯೇನು’ ಎಂಬ ಚಿಂತೆ ಸೇರುತ್ತದೆ. ಈ ಹಂತಗಳಲ್ಲಿ ಮಗುವನ್ನು ಕುಗ್ಗಿಸುವುದು ಅಪಹಾಸ್ಯವೊಂದೇ ಅಲ್ಲ. ಅತಿಯಾದ ಆರೈಕೆಯೂ ಹೌದು. ತುತ್ತು ತಿನ್ನಿಸುವುದು, ಗುಂಡಿ ಹಾಕುವುದು, ಕೇಳಿದ ಪ್ರಶ್ನೆಗೆ ಮಗುವಿನ ಬದಲು ತಾನೇ ಉತ್ತರಿಸುವುದು—ಇವು ಮಗುವಿಗೆ ‘ನಿನ್ನ ಕೈಯಲ್ಲಿ ಏನೂ ಆಗದು’ ಎಂಬ ಪಾಠ ಹೇಳುತ್ತವೆ.

1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳಲ್ಲಿ ಬಹಳಷ್ಟು, ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಸುಮ್ಮನೆ ಬಿದ್ದುಕೊಂಡವು. ಇದನ್ನು ‘ಕಲಿತ ಅಸಹಾಯಕತೆ’ ಎಂದು ಕರೆದರು. ಸುಮಾರು ಅರ್ಧ ಶತಮಾನದ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ದೀರ್ಘ ಸಂಕಟದಲ್ಲಿ ಸುಮ್ಮನಾಗುವುದು ಮೆದುಳಿನ ಸಹಜ ಪ್ರತಿಕ್ರಿಯೆ. ಜೀವಿ ಕಲಿಯುವುದು ‘ನನ್ನ ಪ್ರಯತ್ನದಿಂದ ಬದಲಾವಣೆ ಸಾಧ್ಯ’ ಎಂಬುದನ್ನು, ಎಂದರು. ಪಾಲಕರಿಗೆ ಇದರಲ್ಲಿ ಭರವಸೆಯಿದೆ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ, ಅಂಗಿಯ ಗುಂಡಿಯನ್ನು ಮಗುವೇ ಹಾಕಿಕೊಂಡ ದಿನ ಆ ಪಾಠ ಶುರುವಾಗುತ್ತದೆ.

ನಮ್ಮವರ ಬದುಕಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಬೆಂಗಳೂರಿನ ಮಾಲತಿ ಹೊಳ್ಳ ಒಂದು ವರ್ಷದವರಿದ್ದಾಗ ಪೋಲಿಯೋಗೆ ತುತ್ತಾದರು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಕಂಡ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಅಂತಾರಾಷ್ಟ್ರೀಯ ಪದಕಗಳನ್ನು ಗೆದ್ದರು. ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹುಡುಗನ ಕೈ ಹಾರ್ಮೋನಿಯಂ ಮೇಲೆ ಆಡುವುದನ್ನು ಸೋದರಮಾವ ಗುರುತಿಸಿದರು. ಹುಟ್ಟು ಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು ಶಿಷ್ಯನಾಗಿ ಸ್ವೀಕರಿಸಿದರು. ಇಲ್ಲದ್ದನ್ನು ಎಣಿಸುವ ಬದಲು ಇದ್ದದ್ದನ್ನು ಯಾರೋ ಒಬ್ಬರು ಕಂಡರು. ಎಲ್ಲ ಮಕ್ಕಳೂ ಪದಕ ಗೆಲ್ಲಬೇಕಿಲ್ಲ. ಕಾಣುವ ಕಣ್ಣು ಮಾತ್ರ ಎಲ್ಲ ಮಕ್ಕಳಿಗೂ ಬೇಕು.

ನೆರವಿನ ದಾರಿಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಗುರುತಿನ ಚೀಟಿ, ಸಾಧನ ಸಲಕರಣೆಗಳ ಮಾಹಿತಿ ಸಿಗುತ್ತದೆ. ಈ ಕಾರ್ಯಕರ್ತರು ಸ್ವತಃ ವಿಕಲಚೇತನರು. ತಾಯಿಯ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ. ವಿಚಾರಿಸಬೇಕಾದದ್ದು ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಅಂಥ ಗೆಳತಿಯನ್ನು ಆಟದ ಪಿರಿಯಡ್ಡಿನಲ್ಲಿ ತರಗತಿಯಲ್ಲೇ ಬಿಟ್ಟು ಹೋಗಬೇಡಿ. ಅವಳು ಓಡಲಾರಳು, ಅಂಕ ಎಣಿಸಬಲ್ಲಳು, ಸೀಟಿ ಊದಬಲ್ಲಳು, ಕೇರಂ ಆಡಬಲ್ಲಳು. ಅವಳ ನಡಿಗೆಯನ್ನು ಅಣಕಿಸುವವನನ್ನು ತಡೆಯುವ ಧೈರ್ಯ ಒಬ್ಬರಿಗಿದ್ದರೂ ಸಾಕು.

ಕೊನೆಗೆ ಉಳಿದದ್ದು ಆ ಹುಡುಗಿಯ ಪ್ರಶ್ನೆ. ಅದಕ್ಕೆ ನಿಜವಾದ ಉತ್ತರ ಹೀಗಿರಬಹುದು: “ನಿನಗ ಅವರಂಗ ಓಡಾಕ ಆಗೂದಿಲ್ಲವಾ. ಆದರ ವಾಕರ್ ಹಿಡಕೊಂಡು ನಡಿಯೂದು ಕಲಿಯೂಣು. ನಾನೂ ಸಂಗಾಟ ಬರತೇನಿ.” ಹುಡುಗಿ ಅಂದು ಅಳಬಹುದು. ತಾಯಿಯೂ ಅತ್ತಾಳು. ಆದರೆ ಮುಚ್ಚಿಟ್ಟ ನೋವು ಅಂದು ಇಬ್ಬರ ನಡುವೆ ಹಂಚಿಕೆಯಾಗಿರುತ್ತದೆ. ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲಿನ ಹತ್ತು ಹೆಜ್ಜೆ ಮೊದಲೇ ತಾಯಿ ಮಗಳನ್ನು ಕೆಳಗಿಳಿಸಲಿ. ಆ ಹತ್ತು ಹೆಜ್ಜೆ ಅವಳದೇ ಆಗಲಿ.